ಎಂಟನೇ ತರಗತಿಯ ಸಂಗೀತದ ಪೀರಿಯಡ್ ಗಣಿತಕ್ಕೆ ಹೋಗಿದೆ: ಪೋಷಕರ ಸಭೆಯಲ್ಲಿ ಏನು ಹೇಳಲಿ?

ಮಂಡಕ್ಕಿ ಮಿರ್ಚಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಇಲ್ಲಿಯ ಒಂದು ಅನುದಾನಿತ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದಾಳೆ. ಹೋದ ವರ್ಷದವರೆಗೆ ವಾರಕ್ಕೆ ಎರಡು ಪೀರಿಯಡ್ ಸಂಗೀತವಿತ್ತು. ಸಂಗೀತದ ಮೇಡಂ ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಈ ಜೂನ್‌ನಲ್ಲಿ ಹಂಚಿದ ವೇಳಾಪಟ್ಟಿಯನ್ನು ನೋಡಿದರೆ, ಒಂದು ಪೀರಿಯಡ್ ಗಣಿತಕ್ಕೂ ಇನ್ನೊಂದು ವಿಜ್ಞಾನಕ್ಕೂ ಸೇರಿಹೋಗಿದೆ. ಶಾಲೆಯ ಹಾರ್ಮೋನಿಯಂ ಬೀರುವಿನ ಮೇಲೆ ಕುಳಿತಿದೆ. ಅದರ ಮೇಲೆ ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳಿವೆ.

ಮುಂದಿನ ಶನಿವಾರ ಪೋಷಕರ ಸಭೆ ಇದೆ. ಪೀರಿಯಡ್ ಮರಳಿ ಕೊಡಿ ಎಂದು ಕೇಳಬೇಕೆಂದಿದ್ದೇನೆ. ಆದರೆ ನಾನು ಸಂಗೀತ ಬಲ್ಲವಳಲ್ಲ. "ಅದರಿಂದ ಎಷ್ಟು ಅಂಕ ಬರುತ್ತದೆ?" ಎಂದು ಯಾರಾದರೂ ಎದ್ದು ನಿಂತು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಲೆಕ್ಕದ ಪುಸ್ತಕ, ದಾವಣಗೆರೆ

ಕಹಿ ಎನಿಸಿದರೂ ಹೇಳುತ್ತೇನೆ, ಮೇಡಂ. ಎಸ್ಸೆಸ್ಸೆಲ್ಸಿಗೆ ಒಟ್ಟು 625 ಅಂಕ. ಅದರಲ್ಲಿ ಸಂಗೀತಕ್ಕೆ ಒಂದೂ ಇಲ್ಲ. ನಾನು ಈ ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಕಂಡವನು. ನನ್ನ ತಂದೆ ಅಂಥ ಒಂದು ಗಿರಣಿಯಲ್ಲಿ ದುಡಿಯುತ್ತಿದ್ದರು. ಆಗ ನನ್ನನ್ನು ಕಾಪಾಡಿದ್ದು ಲೆಕ್ಕ, ಹಾಡಲ್ಲ. ಬಡವರ ಮನೆಯ ಮಗುವಿಗೆ ಶಾಲೆ ಮೊದಲು ಕೊಡಬೇಕಾದದ್ದು ಗಣಿತ ಮತ್ತು ಇಂಗ್ಲಿಷ್. ಸಂಗೀತ ಬೇಕಾದವರು ಸಂಜೆ ಹೊರಗೆ ಕಲಿಯಲಿ, ಯಾರು ಬೇಡ ಎಂದರು?

ತುಂಗಭದ್ರೆ ತೀರ, ಹರಿಹರ

ಅಂಕದ ಪ್ರಶ್ನೆಗೆ ಉತ್ತರ ಸುಲಭವಿದೆ. ಸಂಗೀತ ಕೇಳಿದರೆ ಮಕ್ಕಳ ಬುದ್ಧಿಶಕ್ತಿ ಹೆಚ್ಚುತ್ತದೆ ಎಂದು ವಿಜ್ಞಾನಿಗಳು ಪಾಶ್ಚಾತ್ಯ ಸಂಗೀತಗಾರ ಮೊಜಾರ್ಟ್‌ನ ಸಂಗೀತ ಕೇಳಿಸಿ ಸಾಬೀತುಪಡಿಸಿದ್ದಾರೆ. ನನಗೆ ವಾಟ್ಸಾಪಿನಲ್ಲಿ ಬಂದ ಆ ಲೇಖನವನ್ನು ಸಭೆಯಲ್ಲಿ ಓದಿಬಿಡಿ, ಎಲ್ಲರೂ ಸುಮ್ಮನಾಗುತ್ತಾರೆ.

ಓದುಗನೊಬ್ಬ, ಚಿತ್ರದುರ್ಗ

ದಯವಿಟ್ಟು ಅದನ್ನು ಓದಬೇಡಿ. ಸಭೆಯಲ್ಲಿ ವಿಷಯ ಬಲ್ಲ ಒಬ್ಬರೇ ಒಬ್ಬರು ಇದ್ದರೂ ನಿಮ್ಮ ವಾದ ಅಲ್ಲಿಗೇ ಮುಗಿಯುತ್ತದೆ.

ಆ ಪ್ರಯೋಗ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದದ್ದು. ಅದರಲ್ಲಿ ಇದ್ದವರು ಶಾಲಾ ಮಕ್ಕಳಲ್ಲ, 36 ಮಂದಿ ಕಾಲೇಜು ವಿದ್ಯಾರ್ಥಿಗಳು. ಹತ್ತು ನಿಮಿಷ ಮೊಜಾರ್ಟ್ ಕೇಳಿದ ಮೇಲೆ, ಕಾಗದವನ್ನು ಮಡಿಚಿ ಕತ್ತರಿಸಿದರೆ ಯಾವ ಆಕಾರ ಬರುತ್ತದೆ ಎಂದು ಊಹಿಸುವಂಥ ಪ್ರಶ್ನೆಗಳಲ್ಲಿ ಅವರು ಸ್ವಲ್ಪ ಚೆನ್ನಾಗಿ ಮಾಡಿದರು; ಆ ಪರಿಣಾಮ ಹತ್ತು ಹದಿನೈದು ನಿಮಿಷಗಳಲ್ಲಿ ಇಳಿದುಹೋಯಿತು. ಬುದ್ಧಿ ಬೆಳೆಯುತ್ತದೆ ಎಂದು ಸಂಶೋಧಕರೇ ಹೇಳಿರಲಿಲ್ಲ. ಅದನ್ನು ಸೇರಿಸಿದವರು ಕ್ಯಾಸೆಟ್ ಮಾರುವವರು ಮತ್ತು ಪತ್ರಿಕೆಗಳ ತಲೆಬರಹ ಬರೆಯುವವರು.

ಕೇಳುವುದು ಬಿಡಿ, ಕಲಿಯುವುದರ ಬಗ್ಗೆಯೂ ಸಂಶೋಧನೆ ನಡೆದಿದೆ. ಕೆನಡಾದಲ್ಲಿ ಆರು ವರ್ಷದ ಮಕ್ಕಳಿಗೆ ಒಂದು ವರ್ಷ ಸಂಗೀತ ಕಲಿಸಿ, 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬುದ್ಧಿಮತ್ತೆಯ ಸಣ್ಣ ಏರಿಕೆ ಕಂಡಿತ್ತು. ಆದರೆ ಇಂಥ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ವಿಶ್ಲೇಷಣೆಯೊಂದು, ಪ್ರಯೋಗವನ್ನು ಕಟ್ಟುನಿಟ್ಟಾಗಿ ಮಾಡಿದಷ್ಟೂ ಆ ಲಾಭ ಕರಗಿಹೋಗುತ್ತದೆ ಎಂದು ತೋರಿಸಿತು. ನಾನು ಸಂಗೀತದ ವಿರೋಧಿಯಲ್ಲ. ಗಣಿತದ ಅಂಕ ಹೆಚ್ಚಿಸುವ ಟಾನಿಕ್ ಎಂದು ಸಂಗೀತವನ್ನು ಮಾರಲು ಹೊರಟರೆ, "ಹಾಗಾದರೆ ನೇರವಾಗಿ ಗಣಿತವನ್ನೇ ಮಾಡೋಣ" ಎನ್ನುವವರೇ ಗೆಲ್ಲುತ್ತಾರೆ ಎಂದಷ್ಟೇ ನನ್ನ ಮಾತು.

ಲೆಕ್ಕದ ಪುಸ್ತಕ, ದಾವಣಗೆರೆ

ಹಾಗೆ ಹೇಳಿ! ನಾನು ಹೇಳಬೇಕಾದದ್ದನ್ನು ನೀವೇ ಹೇಳಿದಿರಿ.

ಬೆಣ್ಣೆ ಕಮ್ಮಿ ಹಾಕಿ, ದಾವಣಗೆರೆ

ಇಷ್ಟು ಬೇಗ ಗೆದ್ದೆನೆಂದು ಎದ್ದು ಹೋಗಬೇಡಿ, ಹೊಳಲ್ಕೆರೆಯ ಮೇಷ್ಟ್ರು ಇನ್ನೂ ಬಂದಿಲ್ಲ.

ಹಳೆಯ ಶ್ರುತಿಪೆಟ್ಟಿಗೆ, ಹೊಳಲ್ಕೆರೆ

ಬಂದಿದ್ದೇನೆ. ಇಪ್ಪತ್ತೊಂಬತ್ತು ವರ್ಷ ಪ್ರೌಢಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತನಾದವನು. ಓದುಗ ಮಹಾಶಯರ ಮಾತನ್ನು ಪೂರ್ತಿ ಒಪ್ಪುತ್ತೇನೆ. ನನ್ನ ಸೇವೆಯುದ್ದಕ್ಕೂ ಯಾವ ಮಗುವೂ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಹಾಡಿ ಬೀಜಗಣಿತ ಕಲಿತದ್ದನ್ನು ನಾನು ಕಂಡಿಲ್ಲ.

ಸಂಗೀತದ ಪೀರಿಯಡ್‌ನಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂದು ಹೇಳುತ್ತೇನೆ. ನಲವತ್ತೈದು ಮಕ್ಕಳು. ಶ್ರುತಿ ಹಾಕಿ ಎಲ್ಲರೂ 'ಸ' ಹಿಡಿಯಿರಿ ಎನ್ನುತ್ತೇನೆ. ಮೊದಲ ದಿನ ಅದು ಷಡ್ಜವಲ್ಲ, ಸಂತೆ. ಒಬ್ಬೊಬ್ಬನೂ ತನ್ನ ದನಿಯೇ ಮೇಲಿರಲಿ ಎಂದು ಕಿರುಚುತ್ತಾನೆ. ಮೂರನೆಯ ವಾರದ ಹೊತ್ತಿಗೆ, ತನ್ನ ದನಿಯನ್ನು ತಗ್ಗಿಸಿ ಪಕ್ಕದವನ ದನಿಯನ್ನು ಕೇಳಿಸಿಕೊಳ್ಳದೆ ತಾನು ಶ್ರುತಿಯಲ್ಲಿ ನಿಲ್ಲಲಾರೆ ಎಂಬುದು ಅವರಿಗೆ ಕಿವಿಯಿಂದಲೇ ಗೊತ್ತಾಗುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಆ ನಲವತ್ತೈದೂ ದನಿಗಳು ಒಂದಾಗಿ ಕೂಡುತ್ತವೆ, ಕೊಠಡಿಯ ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ, ಮಕ್ಕಳು ಹೆದರಿದವರಂತೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬೇರೆ ಎಲ್ಲ ಪೀರಿಯಡ್‌ಗಳಲ್ಲಿ ಪಕ್ಕದವನದನ್ನು ನೋಡಿಕೊಂಡರೆ ಅದು ಕಾಪಿ, ಶಿಕ್ಷೆಯಾಗುತ್ತದೆ. ಪಕ್ಕದವನಿಗೆ ಕಿವಿಗೊಡದಿದ್ದರೆ ತಪ್ಪಾಗುವ ಪೀರಿಯಡ್ ಇಡೀ ಶಾಲೆಯಲ್ಲಿ ಇದೊಂದೇ. ಸಭೆಯಲ್ಲಿ ಇದನ್ನು ಹೇಳಿ, ಮೇಡಂ.

ಎಂಟನೇ ತರಗತಿಯ ವಿಷಯಕ್ಕೆ ಬಂದರೆ ಇನ್ನೊಂದು ಮಾತು. ಗಂಡುಮಕ್ಕಳ ದನಿ ಒಡೆಯುವುದು ಸರಿಯಾಗಿ ಇದೇ ವಯಸ್ಸಿನಲ್ಲಿ. ಗಂಟಲಿನ ಧ್ವನಿಪೆಟ್ಟಿಗೆ ದೊಡ್ಡದಾಗಿ, ಅವರ ದನಿ ಸುಮಾರು ಒಂದು ಸ್ಥಾಯಿಯಷ್ಟು, ಅಂದರೆ ಒಂದು 'ಸ'ದಿಂದ ಮುಂದಿನ 'ಸ'ದವರೆಗಿನಷ್ಟು, ಕೆಳಗಿಳಿಯುತ್ತದೆ. ಹೆಣ್ಣುಮಕ್ಕಳ ದನಿಯೂ ಇಳಿಯುತ್ತದೆ, ಆದರೆ ಎರಡು ಮೂರು ಸ್ವರಗಳಷ್ಟು ಮಾತ್ರ. ನಿನ್ನೆಯವರೆಗೆ ಚೆನ್ನಾಗಿ ಹಾಡುತ್ತಿದ್ದ ಹುಡುಗ ಇಂದು ಬಾಯಿ ತೆರೆದರೆ ತರಗತಿಯೇ ನಗುತ್ತದೆ. ಅವನು ಅಂದಿನಿಂದ ಹಾಡುವುದನ್ನು ಬಿಡುತ್ತಾನೆ, ಅನೇಕರು ಜೀವಮಾನವಿಡೀ ಬಿಡುತ್ತಾರೆ. ಬಲ್ಲ ಶಿಕ್ಷಕ ಇದ್ದರೆ, "ಇದು ರೋಗವಲ್ಲ, ಆರು ತಿಂಗಳು ಒಂದು ವರ್ಷ ಮೇಲಿನ ತಾರಸ್ಥಾಯಿಗೆ ಹೋಗಬೇಡ, ಕೆಳಗಿನ ಮಂದ್ರದಲ್ಲಿ ಮೆಲ್ಲಗೆ ಹಾಡು, ತಾಳ ಹಿಡಿ" ಎಂದು ಹೇಳಿ ಅವನನ್ನು ಉಳಿಸಿಕೊಳ್ಳುತ್ತಾನೆ. ಆ ವರ್ಷವೇ ಸಂಗೀತದ ಪೀರಿಯಡ್ ಕಿತ್ತುಹಾಕುವುದು, ಮಗು ನಡೆಯಲು ಕಲಿಯುವಾಗ ಕೈಬಿಟ್ಟಂತೆ.

ಅಜ್ಜಿಯ ಮೊಮ್ಮಗಳು, ಜಗಳೂರು

ಮೇಷ್ಟ್ರೇ, ಆ ಗಾಜು ನಡುಗುವ ಮಾತು ಓದಿ ಮೈ ಜುಮ್ಮೆಂದಿತು.

'ಲೆಕ್ಕದ ಪುಸ್ತಕ' ಅಣ್ಣನವರಿಗೆ ಒಂದು ಮಾತು. "ಬೇಕಾದವರು ಹೊರಗೆ ಕಲಿಯಲಿ" ಎಂದಿರಿ. ಹೊರಗೆ ಎಂದರೆ ಎಲ್ಲಿ? ನಮ್ಮೂರಿನಲ್ಲಿ ಸಂಗೀತ ಕಲಿಸುವವರು ಇಲ್ಲ. ದಾವಣಗೆರೆಗೆ ಬಸ್ಸಿನಲ್ಲಿ ಹೋಗಬೇಕು, ಹೆಣ್ಣುಮಗುವಾದರೆ ಜೊತೆಗೆ ಒಬ್ಬರು ಹೋಗಬೇಕು, ತಿಂಗಳ ಶುಲ್ಕ ಬೇರೆ. ಶಾಲೆಯಲ್ಲಿ ತೆಗೆದುಹಾಕಿದರೆ ಸಂಗೀತ ನಿಲ್ಲುವುದಿಲ್ಲ; ದುಡ್ಡಿದ್ದವರ ಮಕ್ಕಳಿಗೆ ಮಾತ್ರ ಉಳಿಯುತ್ತದೆ. ಬಡವರ ಮಗುವಿನ ಹೆಸರು ಹೇಳಿ ನೀವು ಮಾಡುತ್ತಿರುವ ವಾದ, ಕೊನೆಗೆ ಅದೇ ಮಗುವಿನ ಕೈಯಿಂದ ಕಿತ್ತುಕೊಳ್ಳುವಂಥದ್ದು.

ಇನ್ನೊಂದು. ನನ್ನ ಅಜ್ಜಿಗೆ ಒಳ್ಳೆಯ ಕಂಠವಿತ್ತು. ಬೀಸುವ ಕಲ್ಲಿನ ಪದ, ಸೋಬಾನೆ ಪದ ಎಷ್ಟು ಬೇಕಾದರೂ ಹಾಡುತ್ತಿದ್ದರು. ಆದರೆ ನನ್ನ ತಾಯಿ ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಲು ಹೊರಟಾಗ, ಅದೇ ಅಜ್ಜಿಯೇ "ಕಂಪನಿ ನಾಟಕದವಳ ಹಾಗೆ ಮೈಕ್ ಮುಂದೆ ನಿಲ್ಲಬೇಡ" ಎಂದು ತಡೆದರಂತೆ. ದಾವಣಗೆರೆ ಸೀಮೆಯಲ್ಲಿ ಈ ಮಾತು ಹೊಸದಲ್ಲ. ವೃತ್ತಿರಂಗಭೂಮಿಯನ್ನು ಸಾಕಿ ಬೆಳೆಸಿದ ಊರು ಇದು. ಇದೇ ಊರಿನ ರಂಗನಟಿ ಚಿಂದೋಡಿ ಲೀಲಾ ಅವರಿಗೆ ಪದ್ಮಶ್ರೀ ಬಂತು. ಆದರೂ ಹಾಡುವ ಹೆಣ್ಣೆಂದರೆ ಮೂಗು ಮುರಿಯುವುದು ಮನೆಗಳಲ್ಲಿ ಉಳಿದೇ ಇತ್ತು. ನಾನು ಹಾಡಲು ಸಾಧ್ಯವಾದದ್ದು, ಅದು ಶಾಲೆಯ ಪೀರಿಯಡ್ ಆಗಿದ್ದರಿಂದ ಮಾತ್ರ. ಮೇಷ್ಟ್ರು ಹೇಳಿದರು ಎಂದರೆ ಮನೆಯಲ್ಲಿ ಎದುರು ಮಾತಿರಲಿಲ್ಲ.

ಲೆಕ್ಕದ ಪುಸ್ತಕ, ದಾವಣಗೆರೆ

ತಂಗಿ, ಈ ಮಾತಿಗೆ ನನ್ನ ಬಳಿ ತಕ್ಷಣದ ಉತ್ತರವಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಹೊಳಲ್ಕೆರೆಯ ಮೇಷ್ಟ್ರಂಥವರು ಎಷ್ಟು ಶಾಲೆಯಲ್ಲಿದ್ದಾರೆ? ನನ್ನ ಮಗನ ಶಾಲೆಯಲ್ಲಿ ಸಂಗೀತದ ಪೀರಿಯಡ್ ಎಂದರೆ ಡ್ರಿಲ್ ಮಾಸ್ತರರು ಬಂದು "ಸುಮ್ಮನೆ ಕೂತುಕೊಂಡು ಹೋಂವರ್ಕ್ ಮಾಡಿ" ಎನ್ನುವುದು. ಅದಕ್ಕಿಂತ ಗಣಿತ ಮಾಡುವುದು ಮೇಲಲ್ಲವೇ? ಶಿಕ್ಷಕರಿಲ್ಲದ ಪೀರಿಯಡ್ ಯಾರಿಗೆ ಬೇಕು?

ಕೋರ್ಟ್ ರಸ್ತೆ, ಚಿತ್ರದುರ್ಗ

ಈ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಕಾನೂನಿನ ಕಡೆಯಿಂದ ಎರಡು ಸಂಗತಿಗಳನ್ನು ಮಂಡಿಸುತ್ತೇನೆ.

2009ರ ಶಿಕ್ಷಣ ಹಕ್ಕು ಕಾಯಿದೆಗೆ ಒಂದು ಅನುಸೂಚಿ ಇದೆ. ಶಾಲೆಯೊಂದರಲ್ಲಿ ಏನೇನು ಇರಬೇಕು ಎಂಬುದರ ಪಟ್ಟಿ ಅದು. ಆರರಿಂದ ಎಂಟನೇ ತರಗತಿಯವರೆಗೆ ಮಕ್ಕಳ ಸಂಖ್ಯೆ 100ನ್ನು ಮೀರಿದರೆ, ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವ ಇವುಗಳಿಗೆ ಅರೆಕಾಲಿಕ ಬೋಧಕರು ಇರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ನಮ್ಮ ರಾಜ್ಯದಲ್ಲಿ ಎಂಟನೇ ತರಗತಿ ಪ್ರೌಢಶಾಲೆಗೆ ಸೇರಿದೆಯಾದ್ದರಿಂದ ಈ ಕಾಯಿದೆ ತಮಗೆ ಅನ್ವಯಿಸದು ಎಂದು ಭಾವಿಸುವವರಿದ್ದಾರೆ. ಆದರೆ ಕಾಯಿದೆಯ ಲೆಕ್ಕದಲ್ಲಿ ಎಂಟನೆಯದು ಪ್ರಾಥಮಿಕ ಶಿಕ್ಷಣದ ಕೊನೆಯ ತರಗತಿಯೇ. 'ಕಲಾ ಶಿಕ್ಷಣ' ಎಂಬುದನ್ನು ಚಿತ್ರಕಲೆ ಎಂದೂ ಓದಬಹುದು, ಸಂಗೀತ ಎಂದೂ ಓದಬಹುದು. ಬಹಳ ಕಡೆ ಒಬ್ಬ ಚಿತ್ರಕಲಾ ಶಿಕ್ಷಕರನ್ನು ತೋರಿಸಿ ಕೈತೊಳೆದುಕೊಳ್ಳುತ್ತಾರೆ. ಆ ಸಂದು ಇದೆ ಎಂಬುದನ್ನು ಮೊದಲೇ ತಿಳಿದು ಸಭೆಗೆ ಹೋಗಿ. ಅರೆಕಾಲಿಕ ಎಂಬ ಪದವನ್ನು ಗಮನಿಸಿ: ಪೂರ್ಣಾವಧಿ ಹುದ್ದೆ ಮಂಜೂರಾಗುವವರೆಗೆ ಕಾಯಬೇಕಾಗಿಲ್ಲ.

ಎರಡನೆಯದು, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ ಮತ್ತು ವಿಜ್ಞಾನದ ನಡುವೆ, ಪಠ್ಯ ಮತ್ತು ಪಠ್ಯೇತರದ ನಡುವೆ ಗೋಡೆ ಇರಬಾರದು ಎನ್ನುತ್ತದೆ. ಅದಕ್ಕೂ ಮೊದಲು, 2005ರ ಪಠ್ಯಕ್ರಮ ಚೌಕಟ್ಟಿನ ಕಾಲದಲ್ಲೇ, ಸಂಗೀತ, ನೃತ್ಯ, ನಾಟಕಗಳನ್ನು ಒಳಗೊಂಡ ಕಲಾ ಶಿಕ್ಷಣ ಹತ್ತನೇ ತರಗತಿಯವರೆಗೆ ಕಡ್ಡಾಯವಾಗಲಿ ಎಂದು ಎನ್‌ಸಿಇಆರ್‌ಟಿಯ ಗುಂಪು ಶಿಫಾರಸು ಮಾಡಿತ್ತು. ಕಾಗದದ ಮೇಲೆ ಸಂಗೀತ ಯಾವತ್ತೂ ಸೋತಿಲ್ಲ, ಸೋಲುವುದು ವೇಳಾಪಟ್ಟಿಯಲ್ಲಿ.

ಗಣೆ ದನಿ, ಚಳ್ಳಕೆರೆ

ಶಿಕ್ಷಕರಿಲ್ಲ, ಶಿಕ್ಷಕರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದೀರಿ. ಈ ನೆಲದಲ್ಲಿ ಹಾಡುವವರಿಗೆ ಬರವೇ? ನಮ್ಮ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡಿದವರು. ವಿದ್ವಾಂಸರು ಅವರ ಬಳಿ ಕುಳಿತು ಬರೆದುಕೊಂಡರು. ಕಾಡುಗೊಲ್ಲರ ಹಟ್ಟಿಗಳಲ್ಲಿ ಉದ್ದನೆಯ ಬಿದಿರಿನ ಕೊಳಲಾದ ಗಣೆ ಊದುತ್ತಾ ತಮ್ಮ ದೈವ ಜುಂಜಪ್ಪನ ಕಥೆಯನ್ನು ರಾತ್ರಿಯಿಡೀ ಹೇಳುವವರು ಇಂದಿಗೂ ಇದ್ದಾರೆ. ಆದರೆ ಅವರ ಬಳಿ ಪ್ರಮಾಣಪತ್ರವಿಲ್ಲ. ಅವರ ಮೊಮ್ಮಕ್ಕಳು ಶಾಲೆಗೆ ಬಂದು ಕೀಬೋರ್ಡಿನಲ್ಲಿ ಸಿನಿಮಾ ಹಾಡು ನುಡಿಸುವುದನ್ನು 'ಸಂಗೀತ' ಎಂದು ಕಲಿಯುತ್ತಾರೆ, ತಾತ ಊದುವುದು ಸಂಗೀತವಲ್ಲ ಎಂದು ತಾವೇ ತೀರ್ಮಾನಿಸಿಕೊಳ್ಳುತ್ತಾರೆ. ತಿಂಗಳಿಗೆ ಒಂದು ದಿನ ಅಂಥವರನ್ನು ಗೌರವಧನ ಕೊಟ್ಟು ಶಾಲೆಗೆ ಕರೆಯಲು ಯಾವ ಸರ್ಕಾರಿ ಆದೇಶ ಬೇಕು?

ಹಳೆಯ ಶ್ರುತಿಪೆಟ್ಟಿಗೆ, ಹೊಳಲ್ಕೆರೆ

ಕರೆಯಬೇಕು, ನಿಸ್ಸಂಶಯವಾಗಿ. ಆದರೆ ಸ್ವಾಮಿ, ತಿಂಗಳಿಗೊಮ್ಮೆ ಬಂದು ಹಾಡಿ ಹೋದರೆ ಮಕ್ಕಳು ಚಪ್ಪಾಳೆ ತಟ್ಟುವುದನ್ನು ಕಲಿಯುತ್ತಾರೆಯೇ ಹೊರತು ಹಾಡುವುದನ್ನಲ್ಲ. ವಾರವಾರವೂ ಅದೇ ಸ್ವರಗಳಿಗೆ ಮರಳಿ ಬರುವ ಬೇಸರದ ಕೆಲಸವನ್ನು ಯಾರಾದರೂ ಮಾಡಲೇಬೇಕು.

ಗಣೆ ದನಿ, ಚಳ್ಳಕೆರೆ

ನನ್ನ ತಾತ ಗಣೆ ಕಲಿತದ್ದು ಬೇಸರದ ಕೆಲಸದಿಂದಲ್ಲ ಮೇಷ್ಟ್ರೇ, ಕುರಿ ಕಾಯುತ್ತಾ. ಸರಳೆ ವರಸೆಯೊಂದೇ ದಾರಿಯಲ್ಲ.

ಹಳೆಯ ಶ್ರುತಿಪೆಟ್ಟಿಗೆ, ಹೊಳಲ್ಕೆರೆ

ಕುರಿ ಕಾಯುತ್ತಾ ಎಷ್ಟು ವರ್ಷ ಊದಿದರು ಎಂದು ಕೇಳಿ ನೋಡಿ. ಅದೂ ಅಭ್ಯಾಸವೇ, ಅವರಿಗೆ ಇಡೀ ಹಗಲು ಇತ್ತು, ನನಗೆ ನಲವತ್ತು ನಿಮಿಷ.

ತುಂಗಭದ್ರೆ ತೀರ, ಹರಿಹರ

ವಾಟ್ಸಾಪ್ ಲೇಖನಕ್ಕೆ ಕ್ಷಮೆ ಇರಲಿ. ಈಗ ಗಂಭೀರವಾದ ಪ್ರಶ್ನೆ: ಕಲಿಸುವುದಾದರೆ ಯಾವ ಪದ್ಧತಿ? ಹೊಳೆಯ ಆಚೆ ಹಿಂದೂಸ್ತಾನಿ, ಈಚೆ ಕರ್ನಾಟಕಿ ಎಂಬುದು ನಮ್ಮ ಕಡೆಯ ರೂಢಿಯ ಮಾತು. ನಾವು ಸರಿಯಾಗಿ ದಡದ ಮೇಲೆ ಕುಳಿತವರು. ನಮ್ಮ ಮನೆಯಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ ಫೋಟೊ ಇದೆ. ಪಕ್ಕದ ಮನೆಯವರು ಪುರಂದರದಾಸರ ಆರಾಧನೆ ಮಾಡುತ್ತಾರೆ. ಶಾಲೆ ಒಂದನ್ನು ಆರಿಸಿದರೆ ಇನ್ನೊಂದು ಮನೆಯವರು ಮುನಿಸಿಕೊಳ್ಳುತ್ತಾರೆ.

ಹಳೆಯ ಶ್ರುತಿಪೆಟ್ಟಿಗೆ, ಹೊಳಲ್ಕೆರೆ

ಇದಕ್ಕೆ ನಾನು ಕಂಡುಕೊಂಡ ಉಪಾಯ ಹೇಳುತ್ತೇನೆ. ಕರ್ನಾಟಕ ಪದ್ಧತಿಯಲ್ಲಿ ಮಾಯಾಮಾಳವಗೌಳ ರಾಗದಿಂದ ಆರಂಭಿಸುವುದು ಪುರಂದರದಾಸರಿಂದ ಬಂದ ಕ್ರಮ ಎನ್ನುತ್ತಾರೆ. ಗುರುವಿನ ಮನೆಯಲ್ಲಿ ಹತ್ತು ವರ್ಷ ಕಲಿಯುವ ಮಗುವಿಗೆ ಅದು ಶ್ರೇಷ್ಠ ದಾರಿ. ಶಾಲೆಯ ನಲವತ್ತೈದು ಮಕ್ಕಳಿಗೆ ನಾನು ಮೋಹನ ರಾಗದಿಂದ ಆರಂಭಿಸುತ್ತಿದ್ದೆ. ಸ ರಿ ಗ ಪ ದ, ಐದೇ ಸ್ವರ, ಮಧ್ಯಮವೂ ಇಲ್ಲ ನಿಷಾದವೂ ಇಲ್ಲ, ತಪ್ಪಿದರೂ ಕರ್ಕಶವಾಗುವುದಿಲ್ಲ. ಹಿಂದೂಸ್ತಾನಿಯವರು ಆ ಐದು ಸ್ವರಗಳನ್ನೇ ಭೂಪ್ ಎನ್ನುತ್ತಾರೆ. ಎರಡರ ನಡೆ ಬೇರೆ, ಸ್ವರವನ್ನು ಆಡಿಸುವ ಗಮಕ ಬೇರೆ ಎಂಬುದನ್ನು ಬಲ್ಲೆ, ಪಂಡಿತರು ಬಯ್ಯಬೇಡಿ. ಎಂಟನೇ ತರಗತಿಯ ಮಕ್ಕಳು ಇದರಲ್ಲೇ ಒಂದು ವಚನ, ಒಂದು ದೇವರನಾಮ, ಒಂದು ಕೋಲಾಟದ ಪದವನ್ನು ಕೂಡಿಸಿ ಹಾಡಬಲ್ಲರು.

'ಲೆಕ್ಕದ ಪುಸ್ತಕ'ದವರಿಗಾಗಿ ಒಂದು ಲೆಕ್ಕವನ್ನೂ ಕೊಡುತ್ತೇನೆ. ಆದಿತಾಳಕ್ಕೆ ಎಂಟು ಅಕ್ಷರ. ಒಂದು ಸಾಲಿನ ಮಕ್ಕಳು ಎಂಟರ ತಾಳ ಹಾಕುತ್ತಿರಲಿ, ಇನ್ನೊಂದು ಸಾಲು 'ತಕತಕಿಟ' ಎಂದು ಐದರ ಗುಂಪನ್ನು ಹೇಳುತ್ತಿರಲಿ. ಇಬ್ಬರೂ ಮತ್ತೆ ಒಟ್ಟಿಗೆ ಸಮಕ್ಕೆ, ಅಂದರೆ ತಾಳದ ಮೊದಲ ಅಕ್ಷರಕ್ಕೆ, ಬಂದು ಕೂಡುವುದು ಯಾವಾಗ?

ಲೆಕ್ಕದ ಪುಸ್ತಕ, ದಾವಣಗೆರೆ

ನಲವತ್ತನೆಯ ಅಕ್ಷರ ಮುಗಿದಾಗ. ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ). ನನ್ನನ್ನು ಲೆಕ್ಕದಿಂದಲೇ ಹಿಡಿದಿರಿ.

ಓದುಗನೊಬ್ಬ, ಚಿತ್ರದುರ್ಗ

ಚೆನ್ನಾಗಿದೆ, ಆದರೆ ಇದರಿಂದ ಗಣಿತದ ಅಂಕ ಹೆಚ್ಚುತ್ತದೆ ಎಂದು ಮಾತ್ರ ಯಾರೂ ಹೇಳಬಾರದು.

ಬೆಣ್ಣೆ ಕಮ್ಮಿ ಹಾಕಿ, ದಾವಣಗೆರೆ

ಇವರನ್ನು ಯಾರಾದರೂ ಒಂದು ಕಛೇರಿಗೆ ಕರೆದುಕೊಂಡು ಹೋಗಿ.

ಏಳುಸುತ್ತು, ಚಿತ್ರದುರ್ಗ

ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ ನಾನು, ಸಂಗೀತ ಶಿಕ್ಷಕಿಯಲ್ಲ. ಆಡುತ್ತಾ ಹಾಡುತ್ತಾ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ದಿನವಿಡೀ ಹಾಡುತ್ತಾರೆ. ನಾಲ್ಕನೇ ತರಗತಿಗೆ ಬಂದೊಡನೆ ಹಾಡು ನಿಂತುಹೋಗುತ್ತದೆ. ಹಾಡು ಚಿಕ್ಕವರಿಗೆ, ಓದು ದೊಡ್ಡವರಿಗೆ ಎಂದು ನಾವೇ ಅವರಿಗೆ ಕಲಿಸಿದಂತಾಗುತ್ತದೆ. ಆಮೇಲೆ ಹಾಡು ಮತ್ತೆ ಬರುವುದು ಶಾಲೆಗಳ ನಡುವಿನ ಪ್ರತಿಭಾ ಕಾರಂಜಿ ಸ್ಪರ್ಧೆ ಬಂದಾಗ. ಎರಡು ವಾರ ಮೊದಲು ಆದೇಶ ಬರುತ್ತದೆ, ಚೆನ್ನಾಗಿ ಹಾಡುವ ಮೂವರನ್ನು ಆರಿಸಿ, ಮೊಬೈಲಿನಲ್ಲಿ ಜಾನಪದ ಗೀತೆ ಕೇಳಿಸಿ, ಅದನ್ನೇ ಅನುಕರಿಸಲು ಹೇಳುತ್ತೇವೆ. ಉಳಿದ ಮೂವತ್ತು ಮಕ್ಕಳು ಸಾಲಾಗಿ ಕುಳಿತು ನೋಡುತ್ತಾರೆ. ಬಹುಮಾನ ಬಂದರೆ ಶಾಲೆಯ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಇದನ್ನು ಸಂಗೀತ ಶಿಕ್ಷಣ ಎನ್ನಲು ನನಗೆ ನಾಚಿಕೆಯಾಗುತ್ತದೆ.

ನಾಡಗೀತೆಯ ವಿಷಯವನ್ನೂ ಹೇಳಬೇಕು. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡು ನಿಮಿಷ ಮೂವತ್ತು ಸೆಕೆಂಡುಗಳಲ್ಲಿ ಹಾಡಬೇಕು ಎಂದು 2022ರಲ್ಲಿ ಸರ್ಕಾರ ನಿಗದಿ ಮಾಡಿತು. ಸಂತೋಷ. ಆದರೆ ಆ ಧಾಟಿಯನ್ನು ನನಗೆ ಕಲಿಸಿದವರು ಯಾರು? ನಾನು ಧ್ವನಿಮುದ್ರಣ ಕೇಳಿ ಕಲಿತೆ, ನನ್ನ ತಪ್ಪುಗಳನ್ನು ನೂರಾರು ಮಕ್ಕಳು ಕಲಿತರು. ನನ್ನ ಶ್ರುತಿ ಮಕ್ಕಳಿಗೆ ತೀರ ಕೆಳಗೆ, ಅವರು ಏರುವ ಕಡೆ ಕೂಗುತ್ತಾರೆ. ಡಿ.ಎಡ್. ಓದುವಾಗ ನನಗೊಬ್ಬರು ಇಷ್ಟನ್ನು ಹೇಳಿಕೊಟ್ಟಿದ್ದರೆ ಸಾಕಿತ್ತು.

ಅಜ್ಜಿಯ ಮೊಮ್ಮಗಳು, ಜಗಳೂರು

ಅಕ್ಕ, ಸಾಧ್ಯವಾದರೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಒಮ್ಮೆ ಹೋಗಿ ನೋಡಿ. 1997ರಿಂದ ಅಲ್ಲಿಯ ಶಿವಸಂಚಾರ ರಂಗತಂಡ ನಾಟಕಗಳನ್ನು ಊರೂರಿಗೆ ಒಯ್ಯುತ್ತಿದೆ. ಅಂಥದ್ದು ನಮ್ಮ ಪಕ್ಕದಲ್ಲೇ ಇದೆ, ನಾವು ಎಲ್ಲೆಲ್ಲಿಂದಲೋ ಮಾದರಿ ಹುಡುಕುತ್ತೇವೆ.

ಮಂಡಕ್ಕಿ ಮಿರ್ಚಿ, ದಾವಣಗೆರೆ

ಸಭೆ ಮುಗಿದು ಈಗಷ್ಟೇ ಮನೆಗೆ ಬಂದೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ನಿರೀಕ್ಷಿಸಿದಂತೆಯೇ ಅಂಕದ ಪ್ರಶ್ನೆ ಬಂತು. "ಒಂದೂ ಬರುವುದಿಲ್ಲ" ಎಂದೆ. ಸಭೆ ನಕ್ಕಿತು; ಆದರೆ ಕೇಳಿದವರಿಗೆ ಮುಂದೇನು ಹೇಳಬೇಕೆಂದು ತೋಚಲಿಲ್ಲ. ಆಮೇಲೆ ಮೇಷ್ಟ್ರು ಹೇಳಿದ ದನಿ ಒಡೆಯುವ ವಿಷಯವನ್ನು ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ತಂದೆಯೊಬ್ಬರು ಎದ್ದು, ತಾವೂ ಎಂಟನೇ ತರಗತಿಯಲ್ಲಿ ನಗೆಪಾಟಲಾಗಿ ಹಾಡುವುದನ್ನು ಬಿಟ್ಟವರೆಂದು ಹೇಳಿ ಕುಳಿತರು. ಕಾಯಿದೆಯ ಅನುಸೂಚಿಯ ಪ್ರತಿಯನ್ನು ಕೊನೆಯಲ್ಲಿ ಕೊಟ್ಟೆ. ಮುಖ್ಯೋಪಾಧ್ಯಾಯರು ಅದನ್ನು ಎರಡು ಬಾರಿ ಓದಿ, ಚಿತ್ರಕಲಾ ಶಿಕ್ಷಕರು ಇದ್ದಾರಲ್ಲ ಎಂದರು. 'ಕೋರ್ಟ್ ರಸ್ತೆ'ಯವರು ಎಚ್ಚರಿಸಿದ್ದು ಸರಿಯಾಗಿ ಅದೇ.

ಕೊನೆಗೆ ವಾರಕ್ಕೆ ಒಂದು ಪೀರಿಯಡ್ ಮರಳಿ ಬಂದಿದೆ, ಶನಿವಾರದ ಕೊನೆಯ ಪೀರಿಯಡ್. ಗಣಿತ ತನ್ನದನ್ನು ಬಿಟ್ಟುಕೊಡಲಿಲ್ಲ, ವಿಜ್ಞಾನ ಬಿಟ್ಟುಕೊಟ್ಟಿತು. ಸಂಗೀತದ ಸೀನಿಯರ್ ಪರೀಕ್ಷೆ ಪಾಸಾದ, ಪಕ್ಕದ ಬೀದಿಯ ಹುಡುಗಿಯೊಬ್ಬಳು ಮಾರ್ಚ್‌ವರೆಗೆ ಬರಲು ಒಪ್ಪಿದ್ದಾಳೆ. ಅವಳ ಗೌರವಧನಕ್ಕೆ ಪೋಷಕರೇ ಚಂದಾ ಎತ್ತಬೇಕಂತೆ. ಶಾಲೆ ಕೊಡಬೇಕಾದದ್ದನ್ನು ನಾವು ಕೊಡುತ್ತಿದ್ದೇವೆ ಎಂಬ ಸಿಟ್ಟು ನನಗೆ ಇನ್ನೂ ಇದೆ.

ಒಂದು ಸಹಾಯ ಬೇಕು. ಬೀರುವಿನ ಮೇಲಿನ ಹಾರ್ಮೋನಿಯಂ ಇಳಿಸಿದೆವು. ತಿದಿ ಚೆನ್ನಾಗಿದೆ, ಗಾಳಿ ನಿಲ್ಲುತ್ತದೆ. ಆದರೆ ನಡುವಿನ ಎರಡು ಮನೆಗಳು (ಬೆರಳಿನಿಂದ ಒತ್ತುವ ಪಟ್ಟಿಗಳು) ನುಡಿಯುತ್ತಿಲ್ಲ. ರಿಪೇರಿಗೆ ಬಹಳ ಖರ್ಚಾಗುತ್ತದೆಯೇ?

ಲೆಕ್ಕದ ಪುಸ್ತಕ, ದಾವಣಗೆರೆ

ಚಂದಾ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದುಕೊಳ್ಳಿ. ನನ್ನ ಮಗ ನಿಮ್ಮ ಶಾಲೆಯವನಲ್ಲ, ಇರಲಿ.

ಹಳೆಯ ಶ್ರುತಿಪೆಟ್ಟಿಗೆ, ಹೊಳಲ್ಕೆರೆ

ಈಗಲೇ ಅಂಗಡಿಗೆ ಒಯ್ಯಬೇಡಿ. ಬಹುಮಟ್ಟಿಗೆ, ಗಾಳಿಗೆ ನಡುಗಿ ದನಿ ಹೊರಡಿಸುವ ರೀಡಿನ ನಾಲಿಗೆಯ ಕೆಳಗೆ ಧೂಳು ಅಥವಾ ಕಾಗದದ ಚೂರು ಸಿಕ್ಕಿಕೊಂಡಿರುತ್ತದೆ. ಮೇಲಿನ ಹಲಗೆ ತೆಗೆದು, ಆ ಮನೆಯ ರೀಡ್ ಯಾವುದೆಂದು ಗುರುತಿಸಿ, ತೆಳುವಾದ ಒಂದು ಕಾಗದವನ್ನು ನಾಲಿಗೆಯ ಕೆಳಗೆ ಮೆಲ್ಲಗೆ ಸರಿಸಿ ಹೊರಗೆಳೆಯಿರಿ. ಬೆರಳಿನಿಂದ ನಾಲಿಗೆಯನ್ನು ಮೇಲೆತ್ತಲೇಬೇಡಿ, ಬಾಗಿದರೆ ಶ್ರುತಿ ಹೋಗುತ್ತದೆ. ಅದಾದ ಮೇಲೂ ನುಡಿಯದಿದ್ದರೆ ಒಂದು ಫೋಟೊ ಹಾಕಿ, ನೋಡಿ ಹೇಳುತ್ತೇನೆ.